ಹೊಸ ಏರ್‌ಫ್ಲೋ ಸೆನ್ಸರ್ ಹಾಕಿದ ಮೇಲೆ ಗಾಡಿ ನಿಂತಲ್ಲೇ ನಡುಗುತ್ತಿದೆ, ಏನು ಮಾಡಲಿ?

ಪ್ರಶ್ನೆ: ನನ್ನದು 2012ರ ಟೊಯೋಟ ಕೊರೊಲಾ ಆಲ್ಟಿಸ್, 1.8 ಲೀಟರ್ ಪೆಟ್ರೋಲ್, ಮ್ಯಾನುಯಲ್ ಗೇರ್. ಮೈಸೂರಿನಲ್ಲಿ ಓಡಿಸುತ್ತೇನೆ. ಮೈಲೇಜ್ ಇಳಿದಿತ್ತು. ಏರ್‌ಫ್ಲೋ ಸೆನ್ಸರ್ ಹೋಗಿದೆ ಎಂದು ಮೆಕ್ಯಾನಿಕ್ ಹೇಳಿದರು. ಒರಿಜಿನಲ್ ದುಬಾರಿ ಅಂತ ಆನ್‌ಲೈನ್‌ನಲ್ಲಿ ಬೇರೆ ಕಂಪನಿಯದು 1,900 ರೂಪಾಯಿಗೆ ತರಿಸಿ ಹಾಕಿಸಿದೆ. ಅವತ್ತಿನಿಂದ ಸಿಗ್ನಲ್‌ನಲ್ಲಿ ನಿಂತರೆ ಎಂಜಿನ್ ನಡುಗುತ್ತದೆ. ಆರ್‌ಪಿಎಂ ಮುಳ್ಳು 550ರಿಂದ 900ರವರೆಗೆ ಓಲಾಡುತ್ತದೆ. ಎಸಿ ಹಾಕಿದರೆ ಇನ್ನೇನು ಆಫ್ ಆಗುತ್ತದೆ ಅನ್ನಿಸುತ್ತದೆ. ನಾಲ್ಕನೇ ದಿನ ಚೆಕ್ ಎಂಜಿನ್ ಲೈಟ್ ಬಂತು, ಕೋಡ್ ಪಿ0171. ಮೊಬೈಲ್‌ಗೆ ಜೋಡಿಸುವ ಚಿಕ್ಕ ಸ್ಕ್ಯಾನರ್ ಇದೆ. ಎಂಜಿನ್ ಬಿಸಿಯಾದ ಮೇಲೆ, ಎಸಿ ಆಫ್ ಇರುವಾಗ, ಐಡಲ್‌ನಲ್ಲಿ (ಗಾಡಿ ನಿಂತು, ಆಕ್ಸಿಲರೇಟರ್ ಒತ್ತದೆ ಎಂಜಿನ್ ಓಡುವಾಗ) ಗಾಳಿ ಸೆಕೆಂಡಿಗೆ 1.6 ಗ್ರಾಂ ತೋರಿಸುತ್ತದೆ. ಲಾಂಗ್ ಟರ್ಮ್ ಫ್ಯುಯಲ್ ಟ್ರಿಮ್ +20, ಶಾರ್ಟ್ ಟರ್ಮ್ +4ರ ಆಸುಪಾಸು. 2,500 ಆರ್‌ಪಿಎಂಗೆ ಏರಿಸಿದರೆ ಎರಡೂ ಸೇರಿ +21. ಈಗ ಥ್ರಾಟಲ್ ಬಾಡಿ ಬದಲಾಯಿಸಬೇಕು ಎನ್ನುತ್ತಿದ್ದಾರೆ. ಹಾಕಿಸಲೇ?

ಉತ್ತರ: ಬೇಡ. ಥ್ರಾಟಲ್ ಬಾಡಿಗೆ, ಅಂದರೆ ಆಕ್ಸಿಲರೇಟರ್ ಒತ್ತಿದ ಹಾಗೆ ತೆರೆದು ಎಂಜಿನ್‌ಗೆ ಗಾಳಿ ಬಿಡುವ ಬಾಗಿಲಿಗೆ, ಸದ್ಯ ಕೈ ಹಾಕಬೇಡಿ. ನೀವು ಕಳಿಸಿದ ಅಂಕಿಗಳು ಅತ್ತ ಬೆರಳು ತೋರಿಸುತ್ತಿಲ್ಲ. ಹಳೆಯ ಸೆನ್ಸರ್ ಇನ್ನೂ ನಿಮ್ಮ ಹತ್ತಿರ ಇದೆಯಾ? ಇದ್ದರೆ ಒಂದು ಡಬ್ಬಿಗೆ ಹಾಕಿ ಜೋಪಾನವಾಗಿಡಿ. ಗ್ಯಾರೇಜ್‌ನಲ್ಲೇ ಬಿಟ್ಟಿದ್ದರೆ ಇವತ್ತೇ ಹೋಗಿ ಕೇಳಿ ತನ್ನಿ. ಈ ತಕರಾರಿನಲ್ಲಿ ನಿಮ್ಮ ಕಡೆಯ ಸಾಕ್ಷಿ ಅದೊಂದೇ.

ಟ್ರಿಮ್ ಅಂಕಿ ಸಮೇತ ಪ್ರಶ್ನೆ ಕಳಿಸುವವರು ತುಂಬ ಕಮ್ಮಿ. ನೀವು ಕಳಿಸಿದ್ದೀರಿ. ಹಾಗಾಗಿ ನೇರವಾಗಿ ಅಲ್ಲಿಗೇ ಹೋಗೋಣ.

ಈ ಸೆನ್ಸರ್ ಮಾಡುವುದು ಬಸ್ ಕಂಡಕ್ಟರ್ ಕೆಲಸ. ಒಳಗೆ ಬಂದ ಗಾಳಿ ಎಷ್ಟು ಅಂತ ಎಣಿಸುತ್ತದೆ. ಒಳಗೊಂದು ಕೂದಲಿನಷ್ಟು ಸಣ್ಣ ಪ್ಲಾಟಿನಂ ತಂತಿ ಇರುತ್ತದೆ. ಅದನ್ನು ಕರೆಂಟು ಕೊಟ್ಟು ಬಿಸಿ ಇಟ್ಟಿರುತ್ತಾರೆ. ಹಾದುಹೋಗುವ ಗಾಳಿ ಅದನ್ನು ತಣ್ಣಗೆ ಮಾಡುತ್ತದೆ. ಮತ್ತೆ ಅಷ್ಟೇ ಬಿಸಿಗೆ ತರಲು ಎಷ್ಟು ಕರೆಂಟು ಬೇಕಾಯಿತು ಅನ್ನುವುದರ ಮೇಲೆ ಗಾಳಿಯ ಲೆಕ್ಕ. ಆ ಲೆಕ್ಕ ನೋಡಿ ಎಂಜಿನ್ ಕಂಪ್ಯೂಟರ್ ಪೆಟ್ರೋಲ್ ಬಿಡುತ್ತದೆ. ಆಮೇಲೆ ಸೈಲೆನ್ಸರ್ ದಾರಿಯಲ್ಲಿರುವ ಆಕ್ಸಿಜನ್ ಸೆನ್ಸರ್ ಉರಿದುಹೋದ ಹೊಗೆಯನ್ನು ನೋಡಿ, 'ಪೆಟ್ರೋಲ್ ಸಾಲಲಿಲ್ಲ' ಅಥವಾ 'ಜಾಸ್ತಿ ಆಯಿತು' ಎಂದು ವರದಿ ಕೊಡುತ್ತದೆ. ಆ ವರದಿಯ ಮೇಲೆ ಕಂಪ್ಯೂಟರ್ ಮಾಡಿಕೊಳ್ಳುವ ತಿದ್ದುಪಡಿಯೇ ಫ್ಯುಯಲ್ ಟ್ರಿಮ್.

ನಿಮ್ಮದು ಲಾಂಗ್ ಟರ್ಮ್, ಶಾರ್ಟ್ ಟರ್ಮ್ ಎರಡೂ ಸೇರಿ +24. ಅಂದರೆ ಏರ್‌ಫ್ಲೋ ಸೆನ್ಸರ್ ಹೇಳಿದ ಲೆಕ್ಕಕ್ಕಿಂತ 24 ಪರ್ಸೆಂಟ್ ಹೆಚ್ಚು ಪೆಟ್ರೋಲ್ ಬಿಟ್ಟರೆ ಮಾತ್ರ ಸರಿಯಾಗಿ ಉರಿಯುತ್ತಿದೆ. ಪಿ0171 ಕೋಡ್ ಹೇಳುವುದೂ ಇದನ್ನೇ, ಮಿಶ್ರಣದಲ್ಲಿ ಪೆಟ್ರೋಲ್ ಕಮ್ಮಿ ಅಂತ. ಈಗ 1.6ಕ್ಕೆ 24 ಪರ್ಸೆಂಟ್ ಸೇರಿಸಿ. ಹೆಚ್ಚುಕಮ್ಮಿ 2 ಗ್ರಾಂ ಆಯಿತು. ಬಿಸಿಯಾದ 1.8 ಲೀಟರ್ ಎಂಜಿನ್ ಎಸಿ ಇಲ್ಲದೆ ಐಡಲ್‌ನಲ್ಲಿ ಎಳೆಯಬೇಕಾದ್ದು ಸೆಕೆಂಡಿಗೆ ಸುಮಾರು ಎರಡು, ಎರಡೂವರೆ ಗ್ರಾಂ. ಅಂದರೆ ಎಂಜಿನ್‌ಗೆ ಬೇಕಾದ ಗಾಳಿ ಹೋಗುತ್ತಿದೆ, ಎಣಿಕೆ ಮಾತ್ರ ಕಮ್ಮಿ ಬರುತ್ತಿದೆ.

ಎಣಿಕೆ ಕಮ್ಮಿ ಬರಲು ಎರಡೇ ಕಾರಣ. ಕಂಡಕ್ಟರ್‌ಗೆ ಎಣಿಸಲು ಬರುವುದಿಲ್ಲ, ಅಥವಾ ಹಿಂದಿನ ಬಾಗಿಲಿನಿಂದ ಯಾರೋ ಹತ್ತುತ್ತಿದ್ದಾರೆ. ಇವೆರಡರಲ್ಲಿ ಯಾವುದು ಅಂತ ಗೊತ್ತಾಗುವವರೆಗೆ ಒಂದು ರೂಪಾಯಿಯನ್ನೂ ಖರ್ಚು ಮಾಡಬೇಡಿ.

ನಿಮ್ಮ ಎರಡನೇ ಅಂಕಿ ಇಲ್ಲಿ ಕೆಲಸಕ್ಕೆ ಬರುತ್ತದೆ. ಇಂಟೇಕ್ ಮ್ಯಾನಿಫೋಲ್ಡ್‌ನ (ಥ್ರಾಟಲ್ ದಾಟಿದ ಗಾಳಿಯನ್ನು ಸಿಲಿಂಡರ್‌ಗಳಿಗೆ ಹಂಚುವ ಪೈಪು) ಗ್ಯಾಸ್ಕೆಟ್‌ನಲ್ಲೋ, ಬ್ರೇಕ್ ಬೂಸ್ಟರ್ ಪೈಪಿನಲ್ಲೋ ಸೋರಿಕೆ ಇದೆ ಅಂದುಕೊಳ್ಳಿ. ಐಡಲ್‌ನಲ್ಲಿ ಮ್ಯಾನಿಫೋಲ್ಡ್ ಒಳಗೆ ಎಳೆತ ಜೋರಾಗಿರುತ್ತದೆ, ಎಂಜಿನ್ ಎಳೆಯುವ ಒಟ್ಟು ಗಾಳಿ ಮಾತ್ರ ಸ್ವಲ್ಪವೇ. ಹಾಗಾಗಿ ಕಳ್ಳಗಾಳಿಯ ಪಾಲು ದೊಡ್ಡದು. 2,500ಕ್ಕೆ ಏರಿಸಿದಾಗ ಒಟ್ಟು ಗಾಳಿ ಜಾಸ್ತಿಯಾಗುತ್ತದೆ, ಕಳ್ಳಗಾಳಿ ಹೆಚ್ಚುಕಮ್ಮಿ ಅಷ್ಟೇ ಇರುತ್ತದೆ. ಆಗ ಟ್ರಿಮ್ +24ರಿಂದ ಇಳಿದು +8ಕ್ಕೋ +6ಕ್ಕೋ ಬರಬೇಕು. ನಿಮ್ಮದು +21ರಲ್ಲೇ ಕೂತಿದೆ. ಆದ್ದರಿಂದ ಮ್ಯಾನಿಫೋಲ್ಡ್ ಕಡೆಯ ಸೋರಿಕೆಯನ್ನು ಸದ್ಯಕ್ಕೆ ಪಕ್ಕಕ್ಕೆ ಇಡಬಹುದು.

ಹಾಗಾದರೆ ತಪ್ಪೆಲ್ಲ ಹೊಸ ಸೆನ್ಸರ್‌ನದೇ? ಸ್ವಲ್ಪ ತಡೆಯಿರಿ. ತುಂಬ ಜನ ಎಡವುವ ಜಾಗ ಇದು. ಸೆನ್ಸರ್‌ಗೂ ಥ್ರಾಟಲ್ ಬಾಡಿಗೂ ನಡುವೆ ಮಡಿಕೆ ಮಡಿಕೆಯಾದ ದಪ್ಪ ರಬ್ಬರ್ ಹೋಸ್ ಇದೆಯಲ್ಲ, ಅದರಲ್ಲಿ ದೊಡ್ಡ ಸೀಳು ಬಿದ್ದಿದ್ದರೂ ಅಂಕಿಗಳು ಹೀಗೇ ಕಾಣುತ್ತವೆ. ಅಲ್ಲಿ ಎಳೆತ ಜೋರಿಲ್ಲ. ಬರುವ ಗಾಳಿಯಲ್ಲಿ ಒಂದು ಪಾಲು ಸೆನ್ಸರ್ ದಾಟಿ ಬರುತ್ತದೆ, ಇನ್ನೊಂದು ಪಾಲು ಸೀಳಿನಿಂದ ನುಗ್ಗುತ್ತದೆ. ರೇಸ್ ಕೊಟ್ಟರೆ ಎರಡೂ ಒಟ್ಟಿಗೇ ಏರುತ್ತವೆ. ಟ್ರಿಮ್ ಇಳಿಯುವುದಿಲ್ಲ. ಸೋಪಿನ ನೀರು, ಸ್ಪ್ರೇ ಇಂಥದ್ದೆಲ್ಲ ಮ್ಯಾನಿಫೋಲ್ಡ್ ಸೋರಿಕೆ ಹುಡುಕಲು ಸರಿ. ಈ ಹೋಸ್ ಮಟ್ಟಿಗೆ ಅಷ್ಟು ನಂಬುವ ಹಾಗಿಲ್ಲ. ಎಂಜಿನ್ ಆಫ್ ಮಾಡಿ, ತಣ್ಣಗಾದ ಮೇಲೆ, ಹೋಸನ್ನು ಕೈಯಲ್ಲಿ ಹಿಡಿದು ಬಗ್ಗಿಸಿ, ಪ್ರತಿ ಮಡಿಕೆಯ ಒಳಗೂ ಟಾರ್ಚ್ ಬಿಟ್ಟು ನೋಡಿ. ಹದಿಮೂರು ಹದಿನಾಲ್ಕು ವರ್ಷದ ರಬ್ಬರ್ ಅದು. ಮೇಲಿನಿಂದ ಚೆನ್ನಾಗೇ ಕಾಣುತ್ತದೆ, ತಳಭಾಗದಲ್ಲಿ ಸೀಳಿರುತ್ತದೆ. ಕ್ಲಚ್ ಬಿಡುವಾಗ ಎಂಜಿನ್ ಒಂದು ಕಡೆ ವಾಲಿದಾಗ ಸೀಳು ಬಾಯಿ ಬಿಡುತ್ತದೆ, ಗಾಡಿ ಒಂದು ಕ್ಷಣ ಮುಗ್ಗರಿಸುತ್ತದೆ. ನಿಮಗೆ ಹೀಗೂ ಆಗುತ್ತಿದ್ದರೆ ಮೊದಲ ಅನುಮಾನ ಹೋಸ್ ಮೇಲೆಯೇ ಇರಲಿ.

ವಾಲ್ವ್ ಕವರ್‌ನಿಂದ ಬಂದು ಇದೇ ಹೋಸ್‌ಗೆ ಸೇರುವ ಬೆರಳು ದಪ್ಪದ ಬ್ರೀದರ್ ಪೈಪ್ ಒಂದಿದೆ. ಏರ್ ಫಿಲ್ಟರ್ ಡಬ್ಬಿ ಬಿಚ್ಚಿ ಜೋಡಿಸುವ ಗಡಿಬಿಡಿಯಲ್ಲಿ ಇದನ್ನು ಸಿಕ್ಕಿಸಲು ಮರೆಯುವುದು ಮಾಮೂಲು. ಹೋಸ್‌ನ ಎರಡೂ ತುದಿಯ ಕ್ಲ್ಯಾಂಪ್ ಬಿಗಿಯಾಗಿದೆಯಾ ನೋಡಿ. ಆಯಿಲ್ ಹಾಕುವ ಮುಚ್ಚಳ, ಡಿಪ್‌ಸ್ಟಿಕ್ ಇವೂ ಸರಿಯಾಗಿ ಕೂತಿರಲಿ. ಎಂಜಿನ್ ಆಯಿಲ್‌ಗೂ ಗಾಳಿಗೂ ಏನು ಸಂಬಂಧ ಅನ್ನಿಸಬಹುದು. ಎಂಜಿನ್ ಹೊಟ್ಟೆಯ ಆವಿಯನ್ನು ಪಿಸಿವಿ ವಾಲ್ವ್ ಮೂಲಕ ಮ್ಯಾನಿಫೋಲ್ಡ್‌ಗೇ ಎಳೆಸುತ್ತಾರೆ. ಮುಚ್ಚಳ ಸಡಿಲವಾದರೆ ಅಲ್ಲಿಂದಲೂ ಗಾಳಿ ಟಿಕೆಟ್ ಇಲ್ಲದೆ ಒಳಗೆ ಬರುತ್ತದೆ.

ಇನ್ನು ಸೆನ್ಸರ್ ಕೂತಿರುವ ಜಾಗ. ಎರಡು ಸ್ಕ್ರೂ ತೆಗೆದರೆ ಹೊರಬರುತ್ತದೆ. ಗಾಳಿ ಸೋರದಂತೆ ಸುತ್ತ ಹಾಕುವ ರಬ್ಬರ್ ಬಳೆ, ಅಂದರೆ ಓ-ರಿಂಗ್ ಇದೆಯಾ, ಮಡಚಿಕೊಂಡಿದೆಯಾ ನೋಡಿ. ಇದರಲ್ಲಿ ನಾನೇ ಒಮ್ಮೆ ಎರಡು ದಿನ ಕಳೆದುಕೊಂಡಿದ್ದೇನೆ. ಸೆನ್ಸರ್ ಬದಲಾಯಿಸಿದ ಗಾಡಿ, ನಿಮ್ಮದೇ ಥರ ನಡುಕ. ಪೈಪ್ ಎಲ್ಲ ನೋಡಿದೆ, ಪ್ಲಗ್ ಬಿಚ್ಚಿದೆ, ಕಾಯಿಲ್ ಅದಲುಬದಲು ಮಾಡಿದೆ. ಕೊನೆಗೆ ನೋಡಿದರೆ ಹಳೆಯ ಓ-ರಿಂಗ್ ತೂತಿನೊಳಗೇ ಅಂಟಿಕೊಂಡಿತ್ತು, ಹೊಸ ಸೆನ್ಸರ್ ತನ್ನ ಓ-ರಿಂಗ್ ಸಮೇತ ಅದರ ಮೇಲೆ ಕೂತು ಒಂದು ಕಡೆಗೆ ಎದ್ದಿತ್ತು. ಅದನ್ನು ಹಾಕಿದ್ದೂ ನಾನೇ! ಆ ಗಾಡಿಯವರ ಹತ್ತಿರ ಲೇಬರ್ ಕೇಳಲಿಲ್ಲ ಬಿಡಿ.

ಏರ್ ಫಿಲ್ಟರ್ ಅಂಚು ಡಬ್ಬಿಯೊಳಗೆ ಸರಿಯಾಗಿ ಕೂತಿದೆಯಾ ಅಂತಲೂ ನೋಡಿ. ಎಣ್ಣೆ ಸವರಿ ಬಳಸುವ, ತೊಳೆದು ಮತ್ತೆ ಹಾಕುವ ಥರದ ಫಿಲ್ಟರ್ ಇದ್ದರೆ ತೆಗೆದು ಮಾಮೂಲಿ ಕಾಗದದ ಫಿಲ್ಟರ್ ಹಾಕಿ. ಎಣ್ಣೆ ಒಂದಿಷ್ಟು ಜಾಸ್ತಿಯಾದರೂ ಹಾರಿ ಹೋಗಿ ತಂತಿಗೆ ಅಂಟುತ್ತದೆ, ಅದರ ಮೇಲೆ ಧೂಳು ಕೂರುತ್ತದೆ.

ಇಷ್ಟೆಲ್ಲ ನೋಡಲು ಅರ್ಧ ಗಂಟೆ ಸಾಕು, ಖರ್ಚಿಲ್ಲ. ಎಲ್ಲ ಸರಿಯಿದೆ ಅಂದರೆ ಆಗ ಕಂಡಕ್ಟರ್ ಕಡೆ ತಿರುಗೋಣ.

ಮೊದಲು ಸುಲಭದ ಎರಡು ಪರೀಕ್ಷೆ. ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ಕೀ ಮಾತ್ರ ಆನ್ ಮಾಡಿ, ಸ್ಟಾರ್ಟ್ ಮಾಡಬೇಡಿ. ಗಾಳಿಯ ಅಂಕಿ ಹೆಚ್ಚುಕಮ್ಮಿ ಸೊನ್ನೆ ಇರಬೇಕು. ಒಳಬರುವ ಗಾಳಿಯ ಉಷ್ಣತೆ ಹೊರಗಿನ ಹವೆಯಷ್ಟೇ ಇರಬೇಕು. ನಿಮ್ಮ ಸೆನ್ಸರ್‌ಗೆ ಐದು ವೈರ್ ಇವೆ. ಮೂರು ಗಾಳಿಯ ಎಣಿಕೆಗೆ, ಎರಡು ಈ ಉಷ್ಣತೆಗೆ. ಮೈಸೂರಿನಲ್ಲಿ ನಿಂತು ಸ್ಕ್ಯಾನರ್ ಮೈನಸ್ 40 ಡಿಗ್ರಿ ತೋರಿಸಿದರೆ ಕಪ್ಲರ್‌ನೊಳಗಿನ (ವೈರ್‌ಗಳನ್ನು ಸೆನ್ಸರ್‌ಗೆ ಜೋಡಿಸುವ ಪ್ಲಗ್) ಪಿನ್ ಹಿಂದೆ ಸರಿದಿದೆ, ಇಲ್ಲವೇ ವೈರ್ ತುಂಡಾಗಿದೆ ಎಂದು ಅರ್ಥ. ಮಲ್ಟಿಮೀಟರ್ ಇದ್ದರೆ ಸೆನ್ಸರ್ ಬಿಚ್ಚಿ ಆ ಎರಡು ಪಿನ್ ನಡುವೆ ಅಳೆಯಿರಿ. 20 ಡಿಗ್ರಿಯಲ್ಲಿ 2.2ರಿಂದ 2.7 ಕಿಲೋ ಓಮ್ ಬರಬೇಕು. ಬಿಸಿ ಹೆಚ್ಚಿದ ಹಾಗೆ ಅಂಕಿ ಇಳಿಯುತ್ತದೆ.

ಮುಖ್ಯ ಪರೀಕ್ಷೆ ಹಳೆಯ ಸೆನ್ಸರ್‌ನದು. ಅದನ್ನು ಏರ್‌ಫ್ಲೋ ಸೆನ್ಸರ್‌ಗೆಂದೇ ಬರುವ ಕ್ಲೀನರ್ ಸ್ಪ್ರೇಯಲ್ಲಿ ತೊಳೆಯಿರಿ. ಕಾರ್ಬ್ಯುರೇಟರ್ ಕ್ಲೀನರ್ ಬೇಡ, ಪೆಟ್ರೋಲ್ ಬೇಡ, ಕಿವಿಗೆ ಹಾಕುವ ಹತ್ತಿಕಡ್ಡಿಯಂತೂ ಬೇಡವೇ ಬೇಡ. ಗ್ಯಾರೇಜ್‌ನ ಏರ್ ಗನ್‌ನಿಂದ ಊದಿದರೆ ತಂತಿ ಹೋಯಿತು ಅಂತಲೇ ಲೆಕ್ಕ. ದೂರದಿಂದ ಹತ್ತು ಹದಿನೈದು ಸಲ ಸ್ಪ್ರೇ ಬಿಟ್ಟು, ಕಾಲು ಗಂಟೆ ತಾನಾಗಿ ಒಣಗಲು ಬಿಡಿ. ಎಂಜಿನ್ ಆಫ್ ಇರುವಾಗ ಹಾಕಿ. ಸ್ಕ್ಯಾನರ್‌ನಲ್ಲಿ ಕೋಡ್ ಅಳಿಸಿ. ಎಂಜಿನ್ ಬಿಸಿಯಾದ ಮೇಲೆ ಅದೇ ಅಂಕಿಗಳನ್ನು ಮತ್ತೆ ಬರೆದುಕೊಳ್ಳಿ. ಗಾಳಿ 2 ಗ್ರಾಂ ದಾಟಿ, ಟ್ರಿಮ್ ಹತ್ತರೊಳಗೆ ಬಂದು, ನಡುಕ ನಿಂತರೆ ಕಥೆ ಮುಗಿಯಿತು. ಹಳೆಯದು ಕೊಳೆಯಾಗಿತ್ತು ಅಷ್ಟೇ, ಕೆಟ್ಟಿರಲಿಲ್ಲ. ನನ್ನ ಅನುಭವದಲ್ಲಿ 'ಹೋಗಿದೆ' ಎಂದು ಬಿಚ್ಚಿಸಿಕೊಂಡ ಏರ್‌ಫ್ಲೋ ಸೆನ್ಸರ್‌ಗಳಲ್ಲಿ ಎಷ್ಟೋ ತೊಳೆದ ಮೇಲೆ ಮತ್ತೆ ಕೆಲಸ ಮಾಡಿವೆ.

ಹಳೆಯದು ಸಿಗದೇ ಹೋದರೆ ಇನ್ನೊಂದು ದಾರಿ ಇದೆ. ಎಂಜಿನ್ ಆಫ್ ಮಾಡಿ ಸೆನ್ಸರ್‌ನ ಕಪ್ಲರ್ ಕಿತ್ತು ಮತ್ತೆ ಸ್ಟಾರ್ಟ್ ಮಾಡಿ. ಲೈಟ್ ಬರುತ್ತದೆ, ಗಾಬರಿ ಬೇಡ. ಕಂಪ್ಯೂಟರ್ ಆಗ ಆರ್‌ಪಿಎಂ ಮತ್ತು ಥ್ರಾಟಲ್ ಎಷ್ಟು ತೆರೆದಿದೆ ಅನ್ನುವುದನ್ನು ನೋಡಿ ಅಂದಾಜಿನ ಮೇಲೆ ಎಂಜಿನ್ ನಡೆಸುತ್ತದೆ. ಸೆನ್ಸರ್ ಇದ್ದಾಗಿನದಕ್ಕಿಂತ ಇಲ್ಲದಾಗ ಐಡಲ್ ಚೆನ್ನಾಗಿದ್ದರೆ ಆ ಸೆನ್ಸರ್ ಸುಳ್ಳು ಹೇಳುತ್ತಿದೆ ಎಂದು ಬಲವಾದ ಅನುಮಾನ ಪಡಬಹುದು. ಖಚಿತ ತೀರ್ಪು ಅಂತ ಹೇಳಲಾರೆ. ಪರೀಕ್ಷೆ ಮುಗಿದ ಮೇಲೆ ಕಪ್ಲರ್ ಹಾಕಿ, ಕೋಡ್ ಅಳಿಸಿ.

ಇನ್ನೂ ಗಟ್ಟಿ ಸಾಕ್ಷಿ ಬೇಕೆಂದರೆ ರಸ್ತೆಯಲ್ಲಿ ನೋಡಬೇಕು. ಖಾಲಿ ರಸ್ತೆ ಹುಡುಕಿ, ಪಕ್ಕದಲ್ಲಿ ಕೂತವರು ಮೊಬೈಲ್ ನೋಡಲಿ, ನೀವು ನೋಡಬೇಡಿ. ಮೂರನೇ ಗೇರ್‌ನಲ್ಲಿ 2,000ದಿಂದ ಆಕ್ಸಿಲರೇಟರ್ ಪೂರ್ತಿ ಒತ್ತಿ, 3,000 ಆರ್‌ಪಿಎಂ ದಾಟುವಾಗ ಗಾಳಿ ಎಷ್ಟು ಅಂತ ಗುರುತು ಹಾಕಿಕೊಳ್ಳಲಿ. ಲೆಕ್ಕ ಹೀಗಿದೆ. 1.8 ಲೀಟರ್ ಎಂಜಿನ್ ಎರಡು ಸುತ್ತಿಗೆ ಒಂದು ಸಲ ಪೂರ್ತಿ ತುಂಬಿಕೊಳ್ಳುತ್ತದೆ. 3,000 ಆರ್‌ಪಿಎಂ ಅಂದರೆ ಸೆಕೆಂಡಿಗೆ 50 ಸುತ್ತು, ಅಂದರೆ 45 ಲೀಟರ್. ಮೈಸೂರು ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಮೇಲಿದೆ. ಇಲ್ಲಿನ ಬಿಸಿಲಿನಲ್ಲಿ ಒಂದು ಲೀಟರ್ ಗಾಳಿ ಒಂದು ಗ್ರಾಂಗಿಂತ ಸ್ವಲ್ಪ ಹೆಚ್ಚು ತೂಗುತ್ತದೆ. ಸಿಲಿಂಡರ್ ಪೂರ್ತಿ ತುಂಬುವುದಿಲ್ಲ, 85 ಪರ್ಸೆಂಟ್ ಅಂದುಕೊಳ್ಳಿ. ಒಟ್ಟು 40 ಗ್ರಾಂ ಹತ್ತಿರ ಬರಬೇಕು. ಇದೇ ಗಾಡಿ ಮಂಗಳೂರಿನಲ್ಲಾದರೆ ಮೂರು ನಾಲ್ಕು ಗ್ರಾಂ ಜಾಸ್ತಿ ತೋರಿಸುತ್ತದೆ, ಅದು ಊರಿನ ಎತ್ತರದ ವ್ಯತ್ಯಾಸ. ನಿಮಗೆ 30, 32 ಬಂದು, ಜೊತೆಗೆ ಟ್ರಿಮ್ ಕೂಡ +20ರಲ್ಲೇ ಇದ್ದರೆ, ಹೋಸ್ ಕೂಡ ಸರಿಯಿದ್ದರೆ, ಸೆನ್ಸರ್ ಮೇಲೆ ತಪ್ಪು ಹೊರಿಸಲು ಇನ್ನೇನು ಬೇಕು?

ಹೊಸ ಸಾಮಾನು ಹೇಗೆ ಸುಳ್ಳು ಹೇಳುತ್ತದೆ ಅಂತ ನೀವು ಕೇಳಬಹುದು. ಈ ಥರದ ಸೆನ್ಸರ್ ಪೈಪಿನ ಎಲ್ಲ ಗಾಳಿಯನ್ನೂ ಅಳೆಯುವುದಿಲ್ಲ. ಮಧ್ಯದಿಂದ ಒಂದು ಚೂರು ಗಾಳಿಯನ್ನು ತನ್ನ ಪುಟ್ಟ ದಾರಿಗೆ ಎಳೆದುಕೊಂಡು ಅದನ್ನು ಅಳೆಯುತ್ತದೆ. ಅನ್ನ ಬೆಂದಿದೆಯಾ ಅಂತ ಒಂದು ಅಗುಳು ಹಿಸುಕಿ ನೋಡುವ ಹಾಗೆ. ಪೈಪಿನ ಅಗಲ ಎಷ್ಟಿದೆ ಅನ್ನುವುದರ ಮೇಲೆ ಲೆಕ್ಕವೆಲ್ಲ ನಿಂತಿದೆ. ನೋಡಲು ಒಂದೇ ಥರ ಇರುವ, ಒಂದೇ ತೂತಿಗೆ ಕೂರುವ, ಒಂದೇ ಕಪ್ಲರ್ ಸೇರುವ ಸೆನ್ಸರ್‌ಗಳು ಬೇರೆ ಬೇರೆ ಗಾಡಿಗಳಿಗೆ ಬರುತ್ತವೆ. ಆ ಗಾಡಿಗಳ ಪೈಪಿನ ಅಗಲವೂ ಸಿಗ್ನಲ್ಲನ್ನು ಗ್ರಾಂ ಲೆಕ್ಕಕ್ಕೆ ತಿರುಗಿಸಲು ಕಂಪ್ಯೂಟರ್‌ನಲ್ಲಿರುವ ಕೋಷ್ಟಕವೂ ಬೇರೆ. ಆದ್ದರಿಂದ 'ಕೂತಿತು, ಗಾಡಿ ಸ್ಟಾರ್ಟ್ ಆಯಿತು' ಅಂದಮಾತ್ರಕ್ಕೆ ಅದು ನಿಮ್ಮ ಗಾಡಿಯದು ಅಂತ ಆಗಲಿಲ್ಲ. ಹಳೆಯ ಸೆನ್ಸರ್ ಮೇಲೆ ಅಚ್ಚಾಗಿರುವ ಪಾರ್ಟ್ ನಂಬರನ್ನೂ ಹೊಸದರದ್ದನ್ನೂ ಅಕ್ಕಪಕ್ಕ ಇಟ್ಟು ನೋಡಿ.

ನಂಬರ್ ಸರಿಯಿದ್ದೂ ಅಗ್ಗದ ಸೆನ್ಸರ್ ಐಡಲ್‌ನಲ್ಲೇ ಮೊದಲು ಎಡವುವುದಕ್ಕೆ ಕಾರಣ ಇದೆ. ಬಿಸಿ ತಂತಿಯ ಸಿಗ್ನಲ್ ನೇರ ಗೆರೆಯಲ್ಲಿ ಏರುವುದಿಲ್ಲ. ಕಮ್ಮಿ ಗಾಳಿಯಲ್ಲಿ ವೋಲ್ಟೇಜ್ ಬೇಗ ಏರುತ್ತದೆ, ಜಾಸ್ತಿ ಗಾಳಿಯಲ್ಲಿ ನಿಧಾನ. ಕಾರ್ಖಾನೆಯಲ್ಲಿ ಒಂದೊಂದನ್ನೂ ಗಾಳಿ ಬಿಟ್ಟು ಹೊಂದಿಸದಿದ್ದರೆ ಎರಡು ಗ್ರಾಂನ ಜಾಗದಲ್ಲಿ ಅರ್ಧ ಗ್ರಾಂ ತಪ್ಪು ಸುಲಭವಾಗಿ ಬರುತ್ತದೆ. ಹೈವೇಯಲ್ಲಿ ಅರ್ಧ ಗ್ರಾಂ ಯಾರಿಗೂ ಗೊತ್ತಾಗುವುದಿಲ್ಲ. ಸಿಗ್ನಲ್‌ನಲ್ಲಿ ಅದು 25 ಪರ್ಸೆಂಟ್! ನಿಮ್ಮ ಸೆನ್ಸರ್ ಮಾತ್ರ 2,500ರಲ್ಲೂ ಅಷ್ಟೇ ತಪ್ಪು ತೋರಿಸುತ್ತಿದೆ. ಅದಕ್ಕೇ ನನಗೆ ಇದು ಬೇರೆ ಗಾಡಿಯ ಸೆನ್ಸರ್ ಇರಬಹುದು ಅನ್ನುವ ಅನುಮಾನ ಜಾಸ್ತಿ.

ಟ್ರಿಮ್ ತಿದ್ದಿಕೊಳ್ಳುತ್ತದೆ ಅಂದಮೇಲೆ ನಡುಕ ಯಾಕೆ? ತಿದ್ದುಪಡಿ ಯಾವತ್ತೂ ಆದಮೇಲೆ ಬರುವಂಥದ್ದು. ಎಸಿ ಕಂಪ್ರೆಸರ್ ಹಿಡಿದ ಕ್ಷಣ ಎಂಜಿನ್‌ಗೆ ಜಾಸ್ತಿ ಗಾಳಿ, ಜಾಸ್ತಿ ಪೆಟ್ರೋಲ್ ಬೇಕು. ತಪ್ಪು ಲೆಕ್ಕದ ಮೇಲೆ ಮೊದಲು ಕಮ್ಮಿ ಬಿಡುತ್ತದೆ, ಆರ್‌ಪಿಎಂ ಬೀಳುತ್ತದೆ, ಆಮೇಲೆ ಗಾಬರಿಯಿಂದ ಥ್ರಾಟಲ್ ತೆರೆಯುತ್ತದೆ, ಮುಳ್ಳು 900ಕ್ಕೆ ಹಾರುತ್ತದೆ. ಸ್ಪಾರ್ಕ್ ಯಾವಾಗ ಕೊಡಬೇಕು ಅನ್ನುವುದಕ್ಕೂ ಇದೇ ಗಾಳಿಯ ಲೆಕ್ಕವೇ ಆಧಾರ. ಅದೂ ಹಿಂದೆ ಮುಂದೆ ಆಗುತ್ತದೆ.

ಒಂದು ವಿಷಯ ನೆನಪಿರಲಿ. ಎಲ್ಲ ಸರಿಯಾದ ಮೇಲೂ ನಿಮ್ಮ ಟ್ರಿಮ್ ಸೊನ್ನೆಗೆ ಬರಲಿಕ್ಕಿಲ್ಲ. ಈಗ ಬಂಕ್‌ನಲ್ಲಿ ಸಿಗುವುದು ಇ20, ಅಂದರೆ ಇಪ್ಪತ್ತು ಪರ್ಸೆಂಟ್ ಎಥನಾಲ್ ಬೆರೆಸಿದ ಪೆಟ್ರೋಲ್. ಬರೀ ಪೆಟ್ರೋಲ್ ಆದರೆ ಒಂದು ಗ್ರಾಂಗೆ 14.7 ಗ್ರಾಂ ಗಾಳಿ ಸಾಕು. ಹತ್ತು ಪರ್ಸೆಂಟ್ ಎಥನಾಲ್ ಇದ್ದರೆ ಸುಮಾರು 14.1, ಇಪ್ಪತ್ತಾದರೆ ಸುಮಾರು 13.5. ಅಂದರೆ ಅಷ್ಟೇ ಗಾಳಿಗೆ ಇಂಧನ ಜಾಸ್ತಿ ಬೇಕು. 2012ರ ಗಾಡಿ ಇದನ್ನು ಟ್ರಿಮ್ ಮೂಲಕವೇ ಸರಿದೂಗಿಸಿಕೊಳ್ಳುತ್ತದೆ. ನಿಮ್ಮ +24ರಲ್ಲಿ ನಾಲ್ಕರಿಂದ ಎಂಟು ಪಾಲು ಇದರದ್ದೇ ಇರಬಹುದು. ಮೈಲೇಜ್ ಇಳಿದದ್ದಕ್ಕೂ ಇದರ ಕೈವಾಡ ಸ್ವಲ್ಪ ಇದ್ದೀತು. ಮೆಕ್ಯಾನಿಕ್ ಸೆನ್ಸರ್ ಮೇಲೆ ಅನುಮಾನಪಡುವ ಮೊದಲು ಇದನ್ನು ಯೋಚಿಸಬಹುದಿತ್ತು.

ಸರಿಯಾದ ಸೆನ್ಸರ್ ಕೂತ ಮೇಲೆ ಹಳೆಯ ಪಾಠ ಮರೆಸಬೇಕು. ಕಂಪ್ಯೂಟರ್ +20 ಎಂದು ಕಲಿತು ಕೂತಿದೆ. ಸರಿಯಾದ ಲೆಕ್ಕ ಬಂದಮೇಲೂ ಅದೇ ಗುಂಗಿನಲ್ಲಿ ಪೆಟ್ರೋಲ್ ಜಾಸ್ತಿ ಸುರಿಯುತ್ತದೆ. ಒಳ್ಳೆಯ ಸೆನ್ಸರ್ ಹಾಕಿಯೂ ಮೊದಲ ಒಂದೆರಡು ದಿನ ಗಾಡಿ ನಡುಗಿ, ಹೊಗೆಯಲ್ಲಿ ಪೆಟ್ರೋಲ್ ವಾಸನೆ ಬಂದು, 'ಇದೂ ಡೂಪ್ಲಿಕೇಟ್' ಅಂತ ವಾಪಸ್ ಮಾಡಿದವರನ್ನು ನಾನು ನೋಡಿದ್ದೇನೆ. ಕೋಡ್ ಅಳಿಸಿ. ಎಂಜಿನ್ ಪೂರ್ತಿ ಬಿಸಿಯಾದ ಮೇಲೆ ಎಸಿ, ಲೈಟ್ ಎಲ್ಲ ಆಫ್ ಮಾಡಿ ಹತ್ತು ನಿಮಿಷ ಐಡಲ್‌ನಲ್ಲಿ ಬಿಡಿ. ಆಮೇಲೆ ಎಸಿ ಹಾಕಿ ಇನ್ನು ಐದು ನಿಮಿಷ. ಮುಂದೆ ಎರಡು ದಿನ ಊರೊಳಗೂ ಹೈವೇಯಲ್ಲೂ ಓಡಿಸಿ, ನಂತರ ಟ್ರಿಮ್ ನೋಡಿ.

ಇದೇ ತೊಂದರೆ ಇರುವ ಬೇರೆಯವರಿಗೆ ಎರಡು ಮಾತು. ನಿಮ್ಮ ಗಾಡಿಗೆ ಹೊರಗಡೆ ಸಿಎನ್‌ಜಿ ಅಥವಾ ಎಲ್‌ಪಿಜಿ ಕಿಟ್ ಹಾಕಿಸಿದ್ದರೆ ಏರ್ ಫಿಲ್ಟರ್ ಡಬ್ಬಿಯನ್ನು ಮೊದಲು ನೋಡಿ. ಬ್ಯಾಕ್‌ಫೈರ್ ಆದಾಗ ಆ ಪ್ಲಾಸ್ಟಿಕ್ ಬಿರಿಯುತ್ತದೆ, ಸೆನ್ಸರ್ ತಂತಿಯೂ ಹೋಗುತ್ತದೆ. ಡೀಸೆಲ್ ಗಾಡಿಯಾದರೆ ಈ ಉತ್ತರ ಅನ್ವಯಿಸುವುದಿಲ್ಲ. ಅಲ್ಲಿ ಏರ್‌ಫ್ಲೋ ಸೆನ್ಸರ್ ಮುಖ್ಯವಾಗಿ ಇಜಿಆರ್‌ಗೂ (ಹೊಗೆಯ ಒಂದು ಪಾಲನ್ನು ಮತ್ತೆ ಎಂಜಿನ್‌ಗೆ ಬಿಡುವ ವ್ಯವಸ್ಥೆ) ಹೊಗೆಯ ಮಿತಿಗೂ ಬಳಕೆಯಾಗುತ್ತದೆ. ಐಡಲ್ ನಡುಕಕ್ಕೆ ಇಂಜೆಕ್ಟರ್ ಕಡೆ ಮೊದಲು ನೋಡಬೇಕು.

ಥ್ರಾಟಲ್ ಬಾಡಿ ವಿಷಯಕ್ಕೆ ಬಂದರೆ, ಬಾಯಿಗೆ ಕರೀ ಮಸಿ ಹಿಡಿದಿದ್ದರೆ ಕ್ಲೀನ್ ಮಾಡಿಸಿ, ಅಷ್ಟು ಸಾಕು. ಮಸಿಯಿಂದ ಐಡಲ್ ಏರುಪೇರಾಗುವುದು ನಿಜ. ಆದರೆ ಥ್ರಾಟಲ್ ಮೂಲಕ ಬರುವ ಗಾಳಿ ಮೊದಲೇ ಸೆನ್ಸರ್ ದಾಟಿ ಎಣಿಕೆಗೆ ಸಿಕ್ಕಿರುತ್ತದೆ. ಟ್ರಿಮ್ +24 ಆಗುವುದಕ್ಕೆ ಅದು ಕಾರಣವಾಗಲಾರದು. ಹೋಸ್ ಸರಿಯಿದ್ದು ಹಳೆಯ ಸೆನ್ಸರ್ ತೊಳೆದರೂ ಪ್ರಯೋಜನ ಆಗದಿದ್ದರೆ ಮಾತ್ರ ಪಾರ್ಟ್ ನಂಬರ್ ಹೊಂದುವ ಒರಿಜಿನಲ್ ತೆಗೆದುಕೊಳ್ಳಿ. ಬೆಂಗಳೂರಿಗೆ ಬರುವುದಿದ್ದರೆ ಜೆ.ಸಿ. ರೋಡ್‌ನಲ್ಲಿ ವಿಚಾರಿಸಬಹುದು, ಹಳೆಯ ಸೆನ್ಸರ್ ಕೈಯಲ್ಲೇ ಇರಲಿ, ಬಿಲ್ ಇಲ್ಲದೆ ಕೊಳ್ಳಬೇಡಿ. ಈಗಿನ 1,900ರದ್ದನ್ನು ವಾಪಸ್ ಮಾಡುವ ದಿನ ಮುಗಿದಿಲ್ಲ ಅಂದರೆ ಇವತ್ತೇ ಅರ್ಜಿ ಹಾಕಿ. ಅಲ್ಲಿಯವರೆಗೆ ಗಾಡಿ ಓಡಿಸಬಹುದು, ಆದರೆ ಚೆಕ್ ಎಂಜಿನ್ ಲೈಟ್ ಮಿಟುಕಲು ಶುರುವಾದರೆ ಪಕ್ಕಕ್ಕೆ ನಿಲ್ಲಿಸಿ. ಉರಿಯದ ಪೆಟ್ರೋಲ್ ಹೋಗಿ, ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಸುಟ್ಟರೆ ಅದರ ಬಿಲ್ಲಿನ ಮುಂದೆ ಒರಿಜಿನಲ್ ಸೆನ್ಸರ್ ಅಗ್ಗ ಅನ್ನಿಸುತ್ತದೆ.